ರೇಡಿಯೋ ಧ್ವನಿಯಿಂದ ಪೋಷಕ ಪಾತ್ರಕ್ಕೆ: ಏನು ಬಿಡಬೇಕು, ಏನು ಉಳಿಸಿಕೊಳ್ಳಬೇಕು?

ಮೀಡಿಯಂವೇವ್ (ಪ್ರಶ್ನೆ)

ಉದ್ಘೋಷಣೆ, ಸುದ್ದಿವಾಚನ, ರೇಡಿಯೋ ನಾಟಕ ಮೂರರಲ್ಲೂ ಪಳಗಿದವರು ಐವತ್ತರ ಆಚೆ ಪೋಷಕ ಪಾತ್ರಗಳಿಗೆ ಬರಲು ಹೊರಟರೆ ಎಲ್ಲಿಂದ ಶುರು ಮಾಡಬೇಕು? ಆಡಿಷನ್ ಮುಗಿದ ಮೇಲೆ ಇಂಥವರಿಗೆ ಸಿಗುವ ಮಾತು ಹೆಚ್ಚುಕಮ್ಮಿ ಒಂದೇ: "ವಾಯ್ಸ್ ಅದ್ಭುತ ಸರ್, ಆದ್ರೆ ಓದಿದ ಹಾಗಿದೆ." ಅಷ್ಟು ಹೇಳಿ ಕಳಿಸುತ್ತಾರೆ. ಎಲ್ಲಿ ಓದಿದ ಹಾಗಿದೆ ಅನ್ನೋದನ್ನು ಯಾರೂ ಬಿಡಿಸಿ ಹೇಳಲ್ಲ.

ಬಿಡಿಸಿ ಹೇಳಬಲ್ಲವರು ಇಲ್ಲಿದ್ದಾರೆ ಅಂತ ಕೇಳುತ್ತಿದ್ದೇನೆ. ಧ್ವನಿ ಇಳಿಸಬೇಕೋ, ವೇಗ ಬದಲಿಸಬೇಕೋ? ಹಾಳೆ ನೋಡಿ ಓದುವುದೇ ಅಭ್ಯಾಸವಾದವರು ಸಂಭಾಷಣೆ ಬಾಯಿಪಾಠ ಮಾಡುವುದು ಹೇಗೆ? ಬರೀ ಟಿವಿ ಸುದ್ದಿವಾಚಕ, ನ್ಯಾಯಾಧೀಶ ಇಂಥ ಎರಡು ಸಾಲಿನ ಪಾತ್ರಗಳಲ್ಲೇ ಸಿಕ್ಕಿಹಾಕಿಕೊಳ್ಳದೆ ಇರೋಕೆ ಏನು ಮಾಡಬೇಕು? "ಸಹಜವಾಗಿ ಮಾತಾಡಿ" ಅನ್ನುವ ಸಲಹೆ ಮಾತ್ರ ದಯವಿಟ್ಟು ಬೇಡ.

ರಿಹರ್ಸಲ್‌ರೂಮ್

"ಓದಿದ ಹಾಗಿದೆ" ಅಂದಾಗ ಮೊದಲು ನೋಡಬೇಕಾದದ್ದು ವಾಕ್ಯದ ಬಾಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ಸುದ್ದಿ ಓದುವವರು ಆ ಕೊನೆಯನ್ನು ಪೂರ್ತಿ ಅಕ್ಷರಗಳಲ್ಲಿ, ಒಂದೇ ಇಳಿಜಾರಿನಲ್ಲಿ ಮುಗಿಸುತ್ತಾರೆ, ಪ್ರತಿ ವಾಕ್ಯವೂ ಅದೇ ಮೆಟ್ಟಿಲು ಇಳಿದ ಹಾಗೆ. ಮನೆಯಲ್ಲಿ ಮಾತಾಡುವಾಗ ಯಾರೂ ಹಾಗೆ ಮಾಡಲ್ಲ. ಒತ್ತು ಬೇಕಾದ ಪದದ ಮೇಲೆ ಬಿದ್ದು, ಕ್ರಿಯಾಪದ ಅರ್ಧ ನುಂಗಿಹೋಗುತ್ತೆ.

ಸ್ಕ್ರಿಪ್ಟಲ್ಲಿ ಹೀಗಿದೆ ಅಂದುಕೊಳ್ಳಿ: "ಅವನು ನಿನ್ನೆಯೇ ದುಡ್ಡು ತಂದು ಕೊಟ್ಟಿದ್ದಾನೆ." ಉದ್ಘೋಷಕರ ಬಾಯಲ್ಲಿ ಐದೂ ಪದಕ್ಕೆ ಸಮಾನ ಮರ್ಯಾದೆ ಸಿಗುತ್ತೆ. ಪಾತ್ರದ ಬಾಯಲ್ಲಿ ಅದು "ಅವ್ನು ನಿನ್ನೇನೇ ದುಡ್ಡು ತಂದ್ಕೊಟ್ಟಿದಾನೆ" ಆಗಬೇಕು. ಒತ್ತು "ನಿನ್ನೇನೇ" ಮೇಲೆ ಬಿದ್ದರೆ ಸಾಕು, ಉಳಿದದ್ದು ಅದರ ಹಿಂದೆ ಬರುತ್ತೆ. ಪರೀಕ್ಷೆ ಸುಲಭ. ಒಂದು ಪುಟ ಸಂಭಾಷಣೆಯನ್ನು ಫೋನಲ್ಲಿ ರೆಕಾರ್ಡ್ ಮಾಡಿ, ವಾಕ್ಯಗಳ ಕೊನೆಯ ಪದವನ್ನು ಮಾತ್ರ ಗಮನಿಸಿ ಕೇಳಿ. ನಾಲ್ಕೈದು ವಾಕ್ಯ ಸತತವಾಗಿ ಒಂದೇ ಸ್ವರಕ್ಕೆ ಬಂದು ಇಳಿದರೆ ರೋಗ ಅದೇ. ಪೆನ್ಸಿಲ್ ತಗೊಂಡು ವಾಕ್ಯಕ್ಕೆ ಒಂದೇ ಒಂದು ಪದಕ್ಕೆ ಗೆರೆ ಎಳೆಯಿರಿ. ಎರಡಕ್ಕೆ ಎಳೆಯಬೇಕು ಅನ್ನಿಸಿದರೆ ಆ ವಾಕ್ಯದ ಉದ್ದೇಶ ಇನ್ನೂ ಸ್ಪಷ್ಟ ಆಗಿಲ್ಲ ಅಂತ ಅರ್ಥ.

ಒಂದು ಎಚ್ಚರಿಕೆ: ಬರೆದ ಸಾಲನ್ನು ಆಡುಮಾತಿಗೆ ತರುವ ಮೊದಲು ನಿರ್ದೇಶಕರನ್ನೋ ಅಸೋಸಿಯೇಟ್ ಅವರನ್ನೋ ಒಂದು ಮಾತು ಕೇಳಿ. ಕೆಲವು ಪಾತ್ರಗಳು ಬೇಕೆಂದೇ ಪುಸ್ತಕದ ಭಾಷೆ ಆಡುತ್ತವೆ, ಅಲ್ಲಿ ಪದ ಮೊಟಕು ಮಾಡಿದರೆ ಪಾತ್ರವೇ ಕೆಡುತ್ತೆ.

ಎರಡನೇ ಜಾಗ ಮೌನ. ರೇಡಿಯೋದಲ್ಲಿ ಕೆಲವು ಸೆಕೆಂಡ್ ಸದ್ದು ನಿಂತರೆ ಪ್ರಸಾರ ಕೆಟ್ಟಿತು ಅಂತಲೇ ಲೆಕ್ಕ. ಆ ಭಯ ಮೈಗೆ ಹತ್ತಿರುತ್ತೆ. ಎದುರಿನವರ ಮಾತು ಮುಗಿಯುವ ಮೊದಲೇ ತಮ್ಮ ಸಾಲಿಗೆ ಉಸಿರು ಎಳೆದು ರೆಡಿಯಾಗಿ ನಿಂತಿರುತ್ತಾರೆ, ಕ್ಲೋಸಪ್ಪಲ್ಲಿ ಅದು ಅಷ್ಟು ದೊಡ್ಡದಾಗಿ ಕಾಣುತ್ತೆ. ಪೋಷಕ ನಟರನ್ನು ಎಡಿಟರ್ ಹೆಚ್ಚು ಬಳಸುವುದು ಅವರು ಮಾತಾಡುವಾಗಲ್ಲ, ನಾಯಕ ಮಾತಾಡುವಾಗ ಅವರು ಕೇಳಿಸಿಕೊಳ್ಳುವ ಶಾಟಿನಲ್ಲಿ. ಕೇಳುವಾಗ ಮುಖದಲ್ಲಿ ಏನಾದರೂ ಬದಲಾದರೆ ಕಟ್ ನಿಮ್ಮ ಮೇಲೆ ಬರುತ್ತೆ. ಮುಂದಿನ ಸಾಲಿಗೆ ಕಾಯುತ್ತಾ ಕೂತಿದ್ದರೆ ಬರಲ್ಲ.

ಮೂರನೇದು ಕುತ್ತಿಗೆ. ಮೈಕಿನ ಮುಂದೆ ತಲೆ ಅಲ್ಲಾಡಿದರೆ ಸದ್ದಿನ ಮಟ್ಟ ಏರಿಳಿಯುತ್ತೆ, ಹಾಗಾಗಿ ತಲೆ ಕಟ್ಟಿ ಹಾಕಿದಂತೆ ನಿಂತಿರುತ್ತೆ. ಕೈಗಳಿಗೆ ಹಾಳೆ ಸದ್ದಾಗದಂತೆ ತಿರುಗಿಸುವುದು ಬಿಟ್ಟು ಬೇರೆ ಕೆಲಸ ಗೊತ್ತಿರಲ್ಲ. ಇದಕ್ಕೆ ಕೆಲಸ ಮಾಡುತ್ತಾ ಮಾತಾಡುವುದೇ ಅಭ್ಯಾಸ: ಬಟ್ಟೆ ಮಡಿಸುತ್ತಾ, ಗುಂಡಿ ಹಾಕಿಕೊಳ್ಳುತ್ತಾ ಸಾಲು ಹೇಳಿ. ಮೊದಲು ಎರಡೂ ಕೆಡುತ್ತವೆ. ಒಗ್ಗಿದ ಮೇಲೆ ಇನ್ನೊಂದು ಹೆಜ್ಜೆ ಇದೆ, ಕ್ರಿಯೆಯನ್ನು ಪದಕ್ಕೆ ಕಟ್ಟುವುದು. ಲೋಟ ಎತ್ತುವುದು "ನಿನ್ನೇನೇ" ಅನ್ನುವಾಗ ಅಂತಿದ್ದರೆ ವೈಡ್, ಮಿಡ್, ಕ್ಲೋಸ್ (ದೂರದ, ನಡುವಿನ, ಹತ್ತಿರದ ಶಾಟ್) ಮೂರರಲ್ಲೂ ಅಲ್ಲೇ ಎತ್ತಬೇಕು. ಒಂದರಲ್ಲಿ ಎತ್ತಿ, ಇನ್ನೊಂದರಲ್ಲಿ ಇಟ್ಟುಕೊಂಡಿದ್ದರೆ ಎಷ್ಟೇ ಒಳ್ಳೆಯ ಟೇಕ್ ಆದರೂ ಎಡಿಟಲ್ಲಿ ಕೂಡಲ್ಲ. ಟೈಮಿಂಗ್ ಇರುವ ರೇಡಿಯೋ ನಟರು ಇದನ್ನು ಬಹಳ ಬೇಗ ಕಲಿಯುತ್ತಾರೆ, ಅದು ಅವರ ಲಾಭ.

ಬೂಮ್‌ಕೋಲು

ಸೌಂಡ್ ಕಡೆಯಿಂದ ನಾಲ್ಕು ಮಾತು.

ಉದ್ಘೋಷಕರು "ನನ್ನ ಧ್ವನಿ" ಅಂತ ತಿಳಿದಿರುವುದರಲ್ಲಿ ಒಂದಿಷ್ಟು ಪಾಲು ಮೈಕಿನದು. ಸ್ಟುಡಿಯೋದಲ್ಲಿ ಬಾಯಿಗೂ ಮೈಕಿಗೂ 10–15 ಸೆಂಟಿಮೀಟರ್ ಅಂತರ. ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಮೈಕುಗಳಿಗೆ ಹತ್ತಿರ ಹೋದಷ್ಟೂ ಮಂದ್ರದ ಭಾಗ ಉಬ್ಬುತ್ತೆ. ಆ ಗಾಂಭೀರ್ಯ ಅಲ್ಲಿಂದ ಬಂದದ್ದು. ಸೆಟ್ಟಲ್ಲಿ ಬೂಮ್ (ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕ್) ತಲೆಯ ಮೇಲೆ, ಕ್ಲೋಸಪ್ಪಿಗೆ ಅರ್ಧ ಮೀಟರ್ ಆಸುಪಾಸು, ವೈಡಿಗೆ ಒಂದು ಮೀಟರಿಗೂ ಆಚೆ. ಅಲ್ಲಿ ಆ ಉಬ್ಬು ಇಲ್ಲ. ಹೆಡ್‌ಫೋನಲ್ಲೋ ಮಾನಿಟರಲ್ಲೋ ಕೇಳಿದ ಕೂಡಲೇ "ಧ್ವನಿ ತೆಳುವಾಗಿದೆ" ಅಂತ ಗಾಬರಿಯಾಗಿ ಎದೆಯಿಂದ ತಳ್ಳಲು ಶುರು ಮಾಡುತ್ತಾರೆ. ಓದಿದ ಹಾಗೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ. ತಳ್ಳಬೇಡಿ. ಬೇಕಾದ ಮಂದ್ರವನ್ನು ಮಿಕ್ಸಿಂಗಲ್ಲಿ ಕೊಡುತ್ತಾರೆ.

ಶಾಟ್ ವೈಡ್ ಆಯಿತು ಅಂತ ಜೋರಾಗಿ, ಕ್ಲೋಸ್ ಆಯಿತು ಅಂತ ಮೆತ್ತಗೆ ಮಾತಾಡಬೇಡಿ. ಮೈಕಿನ ದೂರ ನಮ್ಮ ತಲೆನೋವು. ನಿಮ್ಮ ಧ್ವನಿಗೆ ಅಳತೆ ಎದುರು ನಿಂತ ನಟ ಎಷ್ಟು ದೂರದಲ್ಲಿದ್ದಾನೆ ಅನ್ನುವುದು ಮಾತ್ರ. ರೇಡಿಯೋ ನಾಟಕದಲ್ಲಿ ಪಾತ್ರ ಹೊರಗೆ ಹೋಗುವುದನ್ನು ತೋರಿಸಲು ಮೈಕಿಂದ ಹಿಂದೆ ಸರಿದು ಮುಖ ತಿರುಗಿಸುವ ರೂಢಿ ಇದೆಯಲ್ಲ, ಅದು ಇಲ್ಲಿ ಪೂರ್ತಿ ಬಿಡಬೇಕು.

ರಿಹರ್ಸಲ್ಲಲ್ಲಿ ಗೊಣಗಿ, ಟೇಕಲ್ಲಿ ಕೂಗಿದರೆ ಮಟ್ಟ ಮೀರಿ ಸದ್ದು ಒಡೆಯುತ್ತೆ. ಟೇಕಲ್ಲಿ ಎಷ್ಟು ಜೋರೋ ರಿಹರ್ಸಲ್ಲಲ್ಲೂ ಅಷ್ಟೇ ಇರಲಿ. ಕಿರುಚುವ ಸಾಲಿದ್ದರೆ ಮೊದಲೇ ಬಂದು ಹೇಳಿ.

ಕಾಲರ್ ಮೈಕ್ ಹಾಕಿದ್ದರೆ ಅದು ಗದ್ದದಿಂದ 15–20 ಸೆಂಟಿಮೀಟರ್ ಕೆಳಗೆ ಬಟ್ಟೆಯೊಳಗೆ ಇರುತ್ತೆ. ಎದೆ ಮುಟ್ಟಿಕೊಳ್ಳುವ ಅಭಿನಯ, ಸರ, ಗರಿಗರಿ ಇಸ್ತ್ರಿ ಬಟ್ಟೆ, ಇವು ಮೂರೂ ಟೇಕ್ ಹಾಳು ಮಾಡುತ್ತವೆ. ಸಜೆಷನ್ ಶಾಟ್ (ಒಬ್ಬರ ಭುಜದ ಮೇಲಿಂದ ಇನ್ನೊಬ್ಬರ ಮುಖ ತೋರಿಸುವ ಶಾಟ್) ತೆಗೆಯುವಾಗ ಎದುರಿನವರ ಮಾತಿನ ಮೇಲೆ ನಿಮ್ಮ ಮಾತು ಹತ್ತಿಸಬಹುದೇ ಅಂತ ಕೇಳಿಕೊಳ್ಳಿ. ರೇಡಿಯೋದವರ ಕ್ಯೂ ಚುರುಕು, ಹತ್ತಿಸಿಬಿಡುತ್ತಾರೆ. ಎರಡು ಮಾತು ಒಂದರ ಮೇಲೊಂದು ಬಿದ್ದರೆ ಎಡಿಟರ್ ಬೇರೆ ಆಂಗಲ್ಲಿಗೆ ಹೋಗೋಕೆ ಆಗಲ್ಲ.

ಸೈಡ್‌ವಿಂಗ್

ಮೇಲಿನ ಎರಡೂ ಉತ್ತರ ಸರಿ, ಆದರೆ ಇದನ್ನು ಓದಿ ಎಲ್ಲರೂ ಪಿಸುಗುಟ್ಟಲು ಶುರು ಮಾಡ್ತಾರೆ ಅನ್ನೋದೇ ನನ್ನ ಆತಂಕ. ರೇಡಿಯೋದಿಂದ ಬಂದವರಿಗೆ "ಇಳಿಸಿ, ಇಳಿಸಿ" ಅಂತ ಹೇಳಿ ಹೇಳಿ ಜೀವವೇ ಇಲ್ಲದ ಮಾತು ಮಾಡಿಟ್ಟಿರುವುದನ್ನು ಬೇಕಾದಷ್ಟು ನೋಡಬಹುದು. ಇಳಿಯಬೇಕಾದದ್ದು ಅಲಂಕಾರ. ಶಕ್ತಿ ಇಳಿಯಬಾರದು. ದೈನಿಕ ಧಾರಾವಾಹಿಗಳಲ್ಲಿ ಎರಡು ಮೂರು ಕ್ಯಾಮೆರಾ ಒಟ್ಟಿಗೆ ಓಡುತ್ತಿದ್ದರೆ, ಅಲ್ಲಿನ ಅಭಿನಯದ ಮಟ್ಟವೇ ಒಂದು ಮೆಟ್ಟು ಮೇಲಿರುತ್ತೆ. ಅಲ್ಲಿ ಕಲಾತ್ಮಕ ಸಿನಿಮಾದ ಅಳತೆ ಹಿಡಿದುಕೊಂಡು ಹೋದರೆ ದೃಶ್ಯದಲ್ಲಿ ಕಾಣೋದೇ ಇಲ್ಲ. ಹೋಗುವ ಮುನ್ನ ಅದೇ ಧಾರಾವಾಹಿಯ ನಾಲ್ಕೈದು ಕಂತು ನೋಡಿಕೊಂಡು ಹೋಗಿ.

ಇನ್ನೊಂದು. ಕಣ್ಣು. ಹಾಳೆ ನೋಡುವ ಅಭ್ಯಾಸಕ್ಕೆ ವಾಕ್ಯ ಮುಗಿದ ತಕ್ಷಣ ರೆಪ್ಪೆ ಕೆಳಗಿಳಿಯುತ್ತೆ, ಮುಂದಿನ ಸಾಲು ನೆಲದ ಮೇಲೆ ಬರೆದಿದೆ ಅನ್ನೋ ಥರ. ಕ್ಲೋಸಪ್ಪಲ್ಲಿ ಲುಕ್ ಕೊಡುವಾಗ ಎದುರಿನವರ ಎರಡು ಕಣ್ಣಿನ ನಡುವೆ ಓಡಾಡಬೇಡಿ. ಕ್ಯಾಮೆರಾಗೆ ಹತ್ತಿರವಿರುವ ಒಂದು ಕಣ್ಣು ಹಿಡಿದುಕೊಳ್ಳಿ, ಸಾಕು.

ಮೀಡಿಯಂವೇವ್

ವಾಕ್ಯದ ಬಾಲದ ಪರೀಕ್ಷೆ ಮಾಡಿ ನೋಡಿದ್ದಾಯಿತು, ದೂರು ಎಲ್ಲಿಂದ ಬರುತ್ತಿತ್ತು ಅಂತ ಕಿವಿಗೇ ಗೊತ್ತಾಯಿತು. ಬಾಯಿಪಾಠದ ವಿಷಯ ಯಾರೂ ಮುಟ್ಟಲಿಲ್ಲ. ಸೆಟ್ಟಲ್ಲಿ ಪ್ರಾಂಪ್ಟಿಂಗ್ (ಪಕ್ಕದಿಂದ ಸಾಲು ಹೇಳಿಕೊಡುವುದು) ಇರುತ್ತಲ್ಲ, ಅದನ್ನು ನಂಬಿಕೊಳ್ಳಬಹುದೇ? ಮತ್ತೆ ಡಬ್ಬಿಂಗ್ ಇವರಿಗೆ ಸುಲಭ ಅನ್ನುತ್ತಾರೆ, ನಿಜವೇ?

ರಿಹರ್ಸಲ್‌ರೂಮ್

ಪ್ರಾಂಪ್ಟಿಂಗ್ ನಂಬಿದರೆ ನಿಮ್ಮ ಮುಖ "ಕೇಳಿಸಿಕೊಳ್ಳುತ್ತಿರುವ ಮುಖ" ಆಗುತ್ತೆ, ಎದುರಿನ ಪಾತ್ರದ ಮಾತನ್ನಲ್ಲ, ಕ್ಯಾಮೆರಾ ಪಕ್ಕದ ಅಸಿಸ್ಟೆಂಟ್ ಮಾತನ್ನು. ಸಿಂಕ್ ಸೌಂಡ್ (ಸೆಟ್ಟಲ್ಲಿ ಆಡಿದ ಮಾತನ್ನೇ ಹಿಡಿದು ಬಳಸುವುದು) ಇದ್ದರೆ ಪ್ರಾಂಪ್ಟಿಂಗ್ ಮಾಡುವಂತೆಯೇ ಇಲ್ಲ. ಹಾಗಾಗಿ ಬಾಯಿಪಾಠ ಕಲಿಯಲೇಬೇಕು.

ರೇಡಿಯೋದವರು ಸಾಮಾನ್ಯವಾಗಿ ಕಲಿಯುವಾಗಲೇ ಕೆಡಿಸಿಕೊಳ್ಳುತ್ತಾರೆ. ಸಾಲನ್ನು ಜೋರಾಗಿ, ರಾಗ ಸಮೇತ ಹೇಳಿ ಹೇಳಿ ಕಲಿತರೆ ರಾಗವೂ ಪಾಠವಾಗಿಬಿಡುತ್ತೆ. ಆಮೇಲೆ ನಿರ್ದೇಶಕರು "ಇದನ್ನ ಸಿಟ್ಟಲ್ಲಿ ಬೇಡ, ನಗುತ್ತಾ ಹೇಳಿ" ಅಂದರೆ ಸಾಲೇ ಮರೆತುಹೋಗುತ್ತೆ. ಅದಕ್ಕೆ ಮೊದಲು ಏರಿಳಿತವೇ ಇಲ್ಲದೆ, ಸಪ್ಪೆಯಾಗಿ ಕಲಿಯಿರಿ. ಒಬ್ಬರೇ ಇದ್ದಾಗ ಕೆಲಸ ಹೀಗೆ: ಎದುರಿನ ಪಾತ್ರಗಳ ಸಾಲುಗಳನ್ನು ಮಾತ್ರ ಫೋನಲ್ಲಿ ರೆಕಾರ್ಡ್ ಮಾಡಿ, ನಿಮ್ಮ ಸಾಲಿನ ಜಾಗದಲ್ಲಿ ಅಷ್ಟು ಹೊತ್ತು ಸುಮ್ಮನೆ ಬಿಡಿ. ನಡೆಯುತ್ತಾ ಅದನ್ನು ಹಾಕಿಕೊಂಡು ಖಾಲಿ ಜಾಗ ತುಂಬಿ. ತಪ್ಪಿದಲ್ಲಿ ಹಾಳೆ ನೋಡಬೇಡಿ, ಸಾಲಿನ ಪ್ರತಿ ಪದದ ಮೊದಲ ಅಕ್ಷರ ಮಾತ್ರ ಬರೆದುಕೊಂಡ ಚೀಟಿ ನೋಡಿ. "ಅ ನಿ ದು ತ ಕೊ" ಅಂತ ಕಂಡರೆ ಪೂರ್ತಿ ವಾಕ್ಯ ನೆನಪಿನಿಂದಲೇ ಬರಬೇಕಾಗುತ್ತೆ, ಓದೋಕೆ ಏನೂ ಇರಲ್ಲ. ರಾತ್ರಿ ಕಲಿತು ಮಲಗಿ, ಬೆಳಿಗ್ಗೆ ಚೀಟಿ ಇಲ್ಲದೆ ಹೇಳಿ ನೋಡುವುದು ಒಂದೇ ಪಟ್ಟಿಗೆ ಕೂತು ಉರು ಹೊಡೆಯುವುದಕ್ಕಿಂತ ಚೆನ್ನಾಗಿ ನಿಲ್ಲುತ್ತೆ.

ಸೆಟ್ಟಲ್ಲಿ ಕೊನೇ ಗಳಿಗೆಯಲ್ಲಿ ಸಾಲು ಬದಲಾಗುವುದಂತೂ ಇದ್ದದ್ದೇ. ಅಲ್ಲಿ ಮಾತ್ರ ರೇಡಿಯೋದವರನ್ನು ಮೀರಿಸುವವರಿಲ್ಲ. ಕಂಡ ತಕ್ಷಣ ಅರ್ಥ ಹಿಡಿದು ಓದುವ ಅಭ್ಯಾಸ ಆಗ ಕೈ ಹಿಡಿಯುತ್ತೆ.

ಬೂಮ್‌ಕೋಲು

ಡಬ್ಬಿಂಗ್ ಅರ್ಧ ಸುಲಭ. ಹೆಡ್‌ಫೋನ್, ಗಾಜಿನ ಕೋಣೆ, ಇನ್ನೊಬ್ಬರ ಕೈಸನ್ನೆ, ಇದೆಲ್ಲ ರೂಢಿ ಇರುವುದರಿಂದ ಹೆದರಿಕೆ ಇರಲ್ಲ. ಕಷ್ಟ ಇರುವುದು ತಮ್ಮದೇ ತುಟಿಗೆ ಕೂಡಿಸುವುದರಲ್ಲಿ. ಸೆಕೆಂಡಿಗೆ 24 ಫ್ರೇಮ್ ಅಂದರೆ ಒಂದು ಫ್ರೇಮ್ ಸುಮಾರು 42 ಮಿಲಿಸೆಕೆಂಡ್. ತುಟಿಗಿಂತ ಮಾತು ತಡವಾಗಿ ಬಂದರೆ ನೋಡುಗರು ಒಂದಿಷ್ಟು ಸಹಿಸುತ್ತಾರೆ, ಮುಂಚೆ ಬಂದರೆ ಬೇಗ ಸಿಕ್ಕಿಬೀಳುತ್ತೆ. ಎಲ್ಲ ಅಕ್ಷರಕ್ಕೂ ಜೋತುಬೀಳಬೇಡಿ. ಪ, ಬ, ಮ ಬರುವ ಕಡೆ ತುಟಿ ಮುಚ್ಚುವುದು ತೆರೆಯ ಮೇಲೆ ಕಾಣುತ್ತೆ, ಅಲ್ಲಿ ಸರಿಯಾಗಿ ಕೂತರೆ ನಡುವಿನದು ತಾನಾಗಿ ಹೊಂದುತ್ತೆ. ಲೂಪಿಗೆ (ಒಂದು ಸಲಕ್ಕೆ ಡಬ್ ಮಾಡುವ ತುಣುಕಿಗೆ) ಮುಂಚೆ ಮೂರು ಬೀಪ್ ಕೊಟ್ಟರೆ ಮಾತು ಶುರುವಾಗುವುದು ಬಾರದ ನಾಲ್ಕನೇ ಬೀಪಿನ ಜಾಗದಲ್ಲಿ. ಪೈಲಟ್ ಟ್ರ್ಯಾಕ್ (ಸೆಟ್ಟಲ್ಲಿ ಗುರುತಿಗೆ ಅಂತ ಹಿಡಿದ ಧ್ವನಿ) ಮೊದಲು ಎರಡು ಸಲ ಬರೀ ಕೇಳಿ, ಉಸಿರು ಎಲ್ಲೆಲ್ಲಿ ಎಳೆದಿದ್ದೀರಿ ಅಂತ ಗುರುತು ಹಾಕಿಕೊಳ್ಳಿ.

ಆ ಉಸಿರುಗಳನ್ನು ಉಳಿಸಿ. ಉದ್ಘೋಷಕರು ಉಸಿರಿನ ಸದ್ದು ಅಡಗಿಸುವುದರಲ್ಲಿ ನಿಪುಣರು. ಮೆಟ್ಟಿಲು ಹತ್ತಿ ಬಂದ ಪಾತ್ರಕ್ಕೆ ಸದ್ದಿಲ್ಲದ ಉಸಿರು ಕೊಟ್ಟರೆ ಡಬ್ಬಿಂಗ್ ಅನ್ನೋದು ಎದ್ದು ಕಾಣುತ್ತೆ. ಮೈಕಿಗೆ ಒರಗಿ ನಿಲ್ಲಬೇಡಿ. ಸೆಟ್ಟಲ್ಲಿ ಬೂಮ್ ಇದ್ದಷ್ಟೇ ದೂರ, ಸುಮಾರು ಅರ್ಧ ಮೀಟರ್ ಬಿಡಿ, ಇಲ್ಲದಿದ್ದರೆ ದೃಶ್ಯ ಬಯಲಲ್ಲಿ, ಧ್ವನಿ ಸ್ಟುಡಿಯೋದಲ್ಲಿ.

ಹಳೇಕ್ಯಾಸೆಟ್

ಪಾತ್ರಗಳಲ್ಲಿ ಸಿಕ್ಕಿಹಾಕಿಕೊಳ್ಳುವ ಪ್ರಶ್ನೆಗೆ ಹಿಂದಿನವರ ವೃತ್ತಿ ನೋಡಿದರೆ ಉತ್ತರ ಸಿಗುತ್ತೆ.

ವಿಲಿಯಂ ಕಾನ್ರಾಡ್ ಅಮೆರಿಕದ ರೇಡಿಯೋ ಸರಣಿ "ಗನ್‌ಸ್ಮೋಕ್"ನಲ್ಲಿ 1952ರಿಂದ 1961ರವರೆಗೆ ಮುಖ್ಯ ಪಾತ್ರ ಮಾರ್ಷಲ್ ಮ್ಯಾಟ್ ಡಿಲನ್. 1955ರಲ್ಲಿ ಅದೇ ಟಿವಿಗೆ ಬಂದಾಗ ಪಾತ್ರ ಜೇಮ್ಸ್ ಆರ್ನೆಸ್ ಪಾಲಾಯಿತು, ಕಾನ್ರಾಡ್ ಅವರದು ದಪ್ಪ ಮೈಕಟ್ಟು. ಧ್ವನಿ ಕಟ್ಟಿಕೊಟ್ಟ ಆಳು ಬೇರೆ, ಕಣ್ಣಿಗೆ ಕಂಡ ಆಳು ಬೇರೆ. ಅವರು ಮಾಡಿದ್ದೇನು? ನಿರೂಪಣೆಯ ಕೆಲಸ ಬಿಡಲಿಲ್ಲ, ಸಿನಿಮಾದಲ್ಲಿ ಸಿಕ್ಕ ಖಳರ ಪಾತ್ರಗಳನ್ನು ಮಾಡಿದರು, ನಿರ್ದೇಶನವನ್ನೂ ಮಾಡಿದರು. ಕೊನೆಗೆ 1971ರಲ್ಲಿ "ಕ್ಯಾನನ್" ಅನ್ನುವ ಟಿವಿ ಸರಣಿಯಲ್ಲಿ ಅದೇ ದಪ್ಪ ಮೈಕಟ್ಟಿನ ಪತ್ತೇದಾರನಾಗಿ ಐದು ಸೀಸನ್ ಮುಖ್ಯ ಪಾತ್ರದಲ್ಲಿ ನಿಂತರು. ಧ್ವನಿಗೆ ಒಪ್ಪುವ ಪಾತ್ರ ಹುಡುಕುವ ಬದಲು ಮೈಗೆ ಒಪ್ಪುವ ಪಾತ್ರ ಹುಡುಕಿ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಆಗ್ನೆಸ್ ಮೂರ್‌ಹೆಡ್ ಕೂಡ ಹಾಗೇ. 1943ರಲ್ಲಿ ಟೆಲಿಫೋನ್ ಹಿಡಿದ ಒಬ್ಬಂಟಿ ಹೆಂಗಸಿನ ರೇಡಿಯೋ ನಾಟಕ ಅವರಿಗೆ ದೊಡ್ಡ ಹೆಸರು ತಂದಿತು. 1948ರ ಸಿನಿಮಾದಲ್ಲಿ ಆ ಪಾತ್ರ ತಾರೆ ಬಾರ್ಬರಾ ಸ್ಟಾನ್‌ವಿಕ್‌ಗೆ ಹೋಯಿತು. ಆದರೆ ಪೋಷಕ ನಟಿಯಾಗಿ ಮೂರ್‌ಹೆಡ್ ನಾಲ್ಕು ಸಲ ಆಸ್ಕರ್‌ಗೆ ನಾಮನಿರ್ದೇಶನಗೊಂಡರು.

ನಮ್ಮ ಕಡೆ ಬಲರಾಜ್ ಸಾಹ್ನಿ. ಎರಡನೇ ಮಹಾಯುದ್ಧದ ಕಾಲಕ್ಕೆ ಲಂಡನ್ನಿನ ಬಿಬಿಸಿಯಲ್ಲಿ ಹಿಂದಿ ಉದ್ಘೋಷಕರು. 1953ರ "ದೋ ಬಿಘಾ ಜಮೀನ್" ಸಿನಿಮಾದ ರಿಕ್ಷಾ ಎಳೆಯುವವನ ಪಾತ್ರಕ್ಕೆ ಅವರು ಕಲ್ಕತ್ತೆಯ ಬೀದಿಗಳಲ್ಲಿ ನಿಜವಾಗಿ ರಿಕ್ಷಾ ಎಳೆದು ಅಭ್ಯಾಸ ಮಾಡಿದರು. ಆ ಪಾತ್ರದಲ್ಲಿ ನೆನಪುಳಿಯುವುದು ಅವರ ಬೆನ್ನು, ಕಾಲು, ಏದುಸಿರು. ಇದಕ್ಕೆ ವಿರುದ್ಧ ಹಿಂದಿ ರೇಡಿಯೋ ಉದ್ಘೋಷಕ ಅಮೀನ್ ಸಯಾನಿ: ಅವರು ಹಲವು ಸಿನಿಮಾಗಳಲ್ಲಿ ಕಾಣಿಸಿಕೊಂಡರೂ ಬಂದದ್ದು ಉದ್ಘೋಷಕರಾಗಿಯೇ. ಅವರಿಗೆ ಅದರಿಂದ ನಷ್ಟವೇನಾಗಲಿಲ್ಲ, ರೇಡಿಯೋದ ದೊರೆಯಾಗಿದ್ದರು ಅವರು. ಆದರೆ ಧ್ವನಿ ಅಷ್ಟು ಪರಿಚಿತವಾದರೆ ಅದರ ಹಿಂದೆ ಇನ್ನೊಬ್ಬ ಮನುಷ್ಯನನ್ನು ನಿಲ್ಲಿಸುವುದು ಕಷ್ಟ.

ಕಾಲ್‌ಶೀಟ್

ಕಾಸ್ಟಿಂಗ್ ದೃಷ್ಟಿಯಿಂದ ಸೇರಿಸುತ್ತೇನೆ. ಸುದ್ದಿವಾಚಕ, ನ್ಯಾಯಾಧೀಶರ ಪಾತ್ರ ಬಂದರೆ ಒಂದೆರಡು ಮಾಡಿ, ಸೆಟ್ಟಿನ ಕೆಲಸ ತಿಳಿಯುತ್ತೆ. ಆದರೆ ಶೋರೀಲಿಗೆ (ನಿಮ್ಮ ಅಭಿನಯದ ಮಾದರಿ ವಿಡಿಯೋಗೆ) ಅದನ್ನು ಹಾಕಬೇಡಿ. ರೀಲಲ್ಲಿ ಏನು ಕಾಣುತ್ತೋ ಅದೇ ಪಾತ್ರಕ್ಕೆ ಮತ್ತೆ ಕರೆಯುತ್ತಾರೆ. ಕ್ಯಾಮೆರಾ ಮುಂದಿನ ರೀಲ್ ಒಂದೂವರೆ ನಿಮಿಷ ದಾಟದಿರಲಿ, ಮೊದಲ ಹತ್ತು ಸೆಕೆಂಡಲ್ಲಿ ನಿಮ್ಮ ಮುಖ ಬರಲಿ. ವಾಯ್ಸ್ ಡೆಮೊ ಬೇರೆ ಫೈಲ್. ಎರಡನ್ನೂ ಬೆರೆಸಿ ಕಳಿಸಿದರೆ ನೋಡುವವರು ನಿಮ್ಮನ್ನು ಡಬ್ಬಿಂಗ್ ಪಟ್ಟಿಗೆ ಹಾಕಿ ಮುಂದೆ ಹೋಗುತ್ತಾರೆ.

ಸೆಲ್ಫ್ ಟೇಪ್ (ನೀವೇ ಚಿತ್ರೀಕರಿಸಿ ಕಳಿಸುವ ಆಡಿಷನ್) ಕೇಳಿದಾಗ ರೇಡಿಯೋದವರು ಮಾಡುವ ಎಡವಟ್ಟು ಒಳ್ಳೆಯ ಮೈಕ್ ತಂದಿಡುವುದು. ಫ್ರೇಮಿನಲ್ಲಿ ಮೈಕ್ ಕಂಡರೆ ಪಾತ್ರ ಕಾಣಲ್ಲ. ಹತ್ತಿರದ ಮೈಕಿನ ಆ ತುಂಬು ಸದ್ದು ಕೇಳಿದ ಕೂಡಲೇ ಜಾಹೀರಾತು ನೆನಪಾಗುತ್ತೆ. ಫೋನಿನದೇ ಮೈಕ್ ಸಾಕು, ಒಂದು ಮೀಟರ್ ದೂರದಲ್ಲಿ, ಪ್ರತಿಧ್ವನಿ ಇಲ್ಲದ ಕೋಣೆ. ಪರದೆ, ಹಾಸಿಗೆ ಇರುವ ಕೋಣೆಯಾದರೆ ಒಳ್ಳೆಯದು. ಫೋನ್ ಅಡ್ಡಲಾಗಿ, ಕಣ್ಣಿನ ಎತ್ತರಕ್ಕೆ, ಎದೆಯ ಮಧ್ಯದಿಂದ ತಲೆಯ ಸ್ವಲ್ಪ ಮೇಲಿನವರೆಗೆ. ಬೆಳಕು ಎದುರಿಂದ. ಎದುರಿನ ಸಾಲು ಓದಿಕೊಡುವವರು ಲೆನ್ಸಿನ ಪಕ್ಕದಲ್ಲೇ ನಿಂತು, ನಿಮಗಿಂತ ಮೆತ್ತಗೆ ಓದಲಿ. ಅವರು ಫೋನಿಗೆ ಹತ್ತಿರ ಇರುತ್ತಾರೆ, ಜೋರಾಗಿ ಓದಿದರೆ ಟೇಪ್ ತುಂಬ ಅವರದೇ ದನಿ. ಎರಡು ಟೇಕ್ ಕಳಿಸುವುದಾದರೆ ಒಂದರಲ್ಲಿ ಪಾತ್ರ ಎದುರಿನವರನ್ನು ನಂಬಿದೆ, ಇನ್ನೊಂದರಲ್ಲಿ ನಂಬಿಲ್ಲ, ಅಂಥ ವ್ಯತ್ಯಾಸ ಇರಲಿ. ವೇಗ, ಏರಿಳಿತ ಮಾತ್ರ ಬೇರೆ ಇರುವ ಎರಡು ಟೇಕ್ ಒಂದೇ ಟೇಕಿಗೆ ಸಮ.

ಒಪ್ಪಂದ ಓದುವಾಗ ಧ್ವನಿಯ ಕಲಮು ಬೇರೆಯಾಗಿ ನೋಡಿ. ಡಬ್ಬಿಂಗ್ ನೀವೇ ಮಾಡುತ್ತೀರೋ, ಬೇರೆಯವರಿಂದ ಮಾಡಿಸುತ್ತಾರೋ, ನೀವೇ ಆದರೆ ಅದರ ಸಂಭಾವನೆ ಪಾತ್ರದ ಮೊತ್ತದಲ್ಲೇ ಸೇರಿದೆಯೋ ಅನ್ನುವುದು ಬರವಣಿಗೆಯಲ್ಲಿರಲಿ. ಕೃತಕ ಬುದ್ಧಿಮತ್ತೆಯಿಂದ ಧ್ವನಿ ನಕಲು ಮಾಡುವ ಹಕ್ಕನ್ನು "ಎಲ್ಲ ಮಾಧ್ಯಮಗಳಲ್ಲಿ, ಎಂದೆಂದಿಗೂ" ಅಂತ ಒಂದೇ ಸಾಲಲ್ಲಿ ಬರೆಸಿಕೊಳ್ಳಬಹುದು. 2023ರಲ್ಲಿ ಅಮೆರಿಕದ ನಟರ ಸಂಘ 118 ದಿನ ಮುಷ್ಕರ ಹೂಡಿದ್ದರ ಬೇಡಿಕೆಗಳಲ್ಲಿ ಇದೂ ಒಂದು, ಒಪ್ಪಂದದಲ್ಲಿ ಡಿಜಿಟಲ್ ಪ್ರತಿಕೃತಿಗೆ ನಟರ ಒಪ್ಪಿಗೆ ಮತ್ತು ಸಂಭಾವನೆಯ ಷರತ್ತು ಸೇರಿತು. ಧ್ವನಿಯೇ ಬಂಡವಾಳ ಆದವರು ಆ ಸಾಲಿಗೆ "ಈ ಚಿತ್ರಕ್ಕೆ ಮಾತ್ರ, ಬೇರೆ ಬಳಕೆಗೆ ಲಿಖಿತ ಒಪ್ಪಿಗೆ ಬೇಕು" ಅಂತ ಸೇರಿಸಲು ಹೇಳಿ, ಸಹಿ ಆಮೇಲೆ.

ಮೀಡಿಯಂವೇವ್

ವಾಯ್ಸ್ ಡೆಮೊ ಎಷ್ಟು ಉದ್ದ ಇರಬೇಕು ಕಾಲ್‌ಶೀಟ್ ಅವರೇ? ಹಳೆಯ ರೇಡಿಯೋ ತುಣುಕು ಹಾಕಬಹುದೇ?

ಕಾಲ್‌ಶೀಟ್

ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ. ಐದಾರು ತುಣುಕು, ಪ್ರತಿಯೊಂದೂ ಬೇರೆ ವಯಸ್ಸು, ಬೇರೆ ಸ್ವಭಾವ. ಉದ್ಘೋಷಣೆ ಒಂದೇ ಒಂದು, ಅದೂ ಕೊನೆಗೆ. ಹಳೆಯ ಪ್ರಸಾರದ ತುಣುಕಿನ ಹಕ್ಕು ಸಾಮಾನ್ಯವಾಗಿ ನಿಲಯದ್ದೇ ಆಗಿರುತ್ತೆ, ಅನುಮತಿ ಇಲ್ಲದೆ ಹಾಕಬೇಡಿ. ಹೊಸದಾಗಿ ರೆಕಾರ್ಡ್ ಮಾಡಿದರೆ ಇವತ್ತಿನ ನಿಮ್ಮ ಧ್ವನಿಯೂ ಗೊತ್ತಾಗುತ್ತೆ.